ಆ ಕಡೆಯ ಗೋಡೆ

"ಒಳಗೆ ಹೋಗಿ ಗಂಟಲು ಹರಿಯೋ ಹಾಗೆ ಕೂಗಿ ಅಕ್ಕಾ. ಹೊರಗೆ ಒಂದು ಪಿಸುಮಾತು ಕೇಳಿದ್ರೂ ಮೀಸೆ ಬೋಳಿಸ್ಕೋತೀನಿ," ಎಂದು ಮೇಸ್ತ್ರಿ ಹೊಸ ಮನೆಯ ಬಾಗಿಲು ತೆಗೆದು ನಿಂತ.

"ಕೂಗೋದನ್ನ ಅವಳಿಗೆ ಹೇಳ್ಕೊಡ್ಬೇಕಾ?" ಎಂದು ಗಂಡ ನಕ್ಕ.

ಅವಳು ಒಳಗೆ ಹೋದಳು. ಬಾಗಿಲು ಅಂಚಿನ ರಬ್ಬರನ್ನು ಹಿಸುಕಿಕೊಂಡು ಮುಚ್ಚಿತು. ಎರಡು ಹಲಗೆಗಳ ನಡುವೆ ಅರ್ಧ ಗೇಣು ಥರ್ಮಾಕೋಲು ಕೂರಿಸಿದ ಗೋಡೆಗಳು. ಬಿಸಿಲೂ ಬರಲ್ಲ, ಚಳಿಯೂ ಬರಲ್ಲ, ಕರೆಂಟಿನ ಮೀಟರು ತೂಕಡಿಸುತ್ತೆ ಎನ್ನುತ್ತಿದ್ದ ಮೇಸ್ತ್ರಿ. ಮೊದಲು ನಾಚುತ್ತಾ "ಹೋಯ್" ಎಂದಳು. ಹತ್ತಿಯ ಮೂಟೆಗೆ ಕಲ್ಲು ಎಸೆದಂತೆ ಸದ್ದು ಅಲ್ಲೇ ಹೂತುಹೋಯಿತು. ಆಮೇಲೆ ಏನಾಯಿತೋ, ಇಷ್ಟು ವರ್ಷ ಹಲ್ಲು ಕಚ್ಚಿ ನುಂಗಿದ್ದೆಲ್ಲ ಮೇಲೆ ಬಂತು. "ನಿನ್ನ ಕೈ ಸೇದ್ಹೋಗ! ನೀನು ಮಣ್ಣಾಗಿ ಹೋಗ!" ಎಂದು ಕತ್ತಿನ ನರ ಉಬ್ಬುವಂತೆ ಚೀರಿದಳು.

ಬಾಗಿಲು ತೆರೆಯಿತು. "ಕೂಗಿದ್ಯೋ ಇಲ್ವೋ?" ಎಂದ ಗಂಡ.

"ಕೂಗಿದೆ."

ಮೇಸ್ತ್ರಿ ಮೀಸೆ ತಿರುವಿದ. ಗಂಡ ಈ ಸಲ ನಗಲಿಲ್ಲ. ಗೋಡೆಯನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಹೊಸದಾಗಿ ಕೊಂಡ ಚಾಕುವಿನ ಅಲಗನ್ನು ಬೆರಳಲ್ಲಿ ಮುಟ್ಟಿ ನೋಡುವವರ ಕಣ್ಣು ಹಾಗಿರುತ್ತದೆ.

ಅವರು ಬಾಡಿಗೆಗಿದ್ದ ಮನೆಗೂ ಟೈಲರಮ್ಮನ ಮನೆಗೂ ನಡುವೆ ಒಂದೇ ಗೋಡೆ. ಇಲ್ಲಿ ಏಟು ಬಿದ್ದರೆ ಅಲ್ಲಿ ಟೈಲರಮ್ಮ ಕಬ್ಬಿಣದ ಕತ್ತರಿಯಿಂದ ಗೋಡೆಗೆ ಬಡಿಯುತ್ತಿದ್ದಳು, ಟಕ್, ಟಕ್, ಟಕ್. "ಏನಮ್ಮಾ, ಇಲಿ ಕಾಟ ಜಾಸ್ತಿ ಆಯ್ತಾ? ನಾನು ಬರ್ಲಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಗಂಡನ ಕೈ ಅಲ್ಲಿಗೆ ನಿಲ್ಲುತ್ತಿತ್ತು. ಜನರ ಬಾಯಿ ಎಂದರೆ ಅವನಿಗೆ ಭಯ. ಹೊಸ ಮನೆ ಎದ್ದದ್ದು ಆ ಬಾಡಿಗೆ ಮನೆಯ ಹಿಂದಿನ ಖಾಲಿ ಜಾಗದಲ್ಲೇ. ಟೈಲರಮ್ಮನ ಕಿಟಕಿ ಕೂಗಳತೆಯಲ್ಲೇ ಇತ್ತು. ಆದರೆ "ಆ ಕಡೆ ಕಿಟಕಿ ಬೇಡ, ಬಿಸಿಲು ಹೊಡೆಯುತ್ತೆ" ಎಂದು ಗಂಡ ಮೇಸ್ತ್ರಿಗೆ ಮೊದಲೇ ಹೇಳಿದ್ದ. ಬಿಸಿಲಿಗೇ ಇರಬೇಕು ಎಂದು ಅವಳೂ ನಂಬಿದ್ದಳು.

ಮೇಸ್ತ್ರಿ ಟೀ ಕುಡಿಯಲು ಹೋದ. ಗಂಡ ಅವಳನ್ನು ಒಳಗೆ ತಳ್ಳಿ ಬಾಗಿಲು ಹಾಕಿದ.

ಮೊದಲ ಏಟಿಗೇ ತುಟಿ ಒಡೆಯಿತು. ಮುಂಚೆಲ್ಲ ಅವನು ಗಡಿಬಿಡಿಯಲ್ಲಿ, ಅವಳ ಬಾಯಿಗೆ ಟವೆಲು ತುರುಕಿ ಹೊಡೆಯುತ್ತಿದ್ದ. ಇವತ್ತು ಅವಸರವೇ ಇರಲಿಲ್ಲ. ಕೂದಲು ಸುತ್ತಿ ಹಿಡಿದು ತಲೆಯನ್ನು ಹಲಗೆಗೆ ಗುದ್ದಿದ. ಬಿದ್ದ ಮೇಲೆ ಪಕ್ಕೆಗೆ ಒದ್ದು, ಉಸಿರು ತೆಗೆದುಕೊಂಡು, ಮತ್ತೆ ಒದ್ದ. "ಕೂಗೇ. ಕರಿ ನಿನ್ನ ಟೈಲರಮ್ಮನ್ನ."

ಕೂಗಿದಳು. ಅವಳ ಕಿವಿ ಮಾತ್ರ ಆ ಟಕ್ ಟಕ್‌ಗೆ ಕಾಯುತ್ತಿತ್ತು. ಬರಲಿಲ್ಲ.

ಅಜ್ಜಿಯ ಕಥೆಯಲ್ಲಿ ರಾಕ್ಷಸ ರಾಜಕುಮಾರಿಯನ್ನು ಏಳು ಗೋಡೆಗಳೊಳಗೆ ಬಚ್ಚಿಡುತ್ತಿದ್ದ. "ಅವಳು ಕೂಗಿದ್ರೆ ಯಾರಿಗೂ ಕೇಳಲ್ವಾ ಅಜ್ಜಿ?" ಎಂದು ಚಿಕ್ಕವಳಿದ್ದಾಗ ಇವಳು ತೊಡೆಯ ಮೇಲೆ ಮಲಗಿ ಕೇಳಿದ್ದಳು. "ಕಥೆ ಹೇಳೋಳಿಗೆ ಕೇಳುತ್ತಲ್ಲ ಕೂಸೇ. ಇಲ್ದಿದ್ರೆ ನಂಗೆ ಹೇಗೆ ಗೊತ್ತಾಗ್ತಿತ್ತು?" ಎಂದಿದ್ದಳು ಅಜ್ಜಿ. ಈ ಮನೆಯ ಕಥೆ ಹೇಳಲು ಯಾರಿಗೂ ಏನೂ ಕೇಳಿಸುವುದಿಲ್ಲ.

ನೆಲ ತಡಕಿದ ಕೈಗೆ ಮೇಸ್ತ್ರಿ ಬಿಟ್ಟುಹೋಗಿದ್ದ ಡ್ರಿಲ್ ಸಿಕ್ಕಿತು. ಪೈಪಿಗೆ ತೂತು ಕೊರೆಯುವಂಥದ್ದು, ತುದಿಯಲ್ಲಿ ಲೋಟದಷ್ಟು ಅಗಲದ, ಉದ್ದನೆಯ ಗರಗಸದ ಬಾಯಿ. ಗುಂಡಿ ಒತ್ತಿದಳು. ಅದು ಹುಚ್ಚು ಹಿಡಿದಂತೆ ಗಿರಗಿರ ಅರಚಿತು. ಮೇಲೆರಗಿದ ಗಂಡನ ಮುಂಗೈಗೆ ಗರಗಸದ ಹಲ್ಲು ತಾಗಿ ತೋಳಿನ ಬಟ್ಟೆಯೂ ಚರ್ಮವೂ ಒಟ್ಟಿಗೆ ಕಿತ್ತುಬಂದವು. "ಅಯ್ಯೋ, ಸಾಯಿಸ್ತಾಳೆ!" ಎಂದು ಅವನು ಕೈ ಹಿಡಿದುಕೊಂಡು ಮೂಲೆಗೆ ಸರಿದ. ಅವನ ಕೂಗೂ ಹೊರಗೆ ಹೋಗಲಿಲ್ಲ.

ತಿರುಗುತ್ತಿದ್ದ ಆ ಬಾಯಿಯನ್ನು ಅವನ ಹೊಟ್ಟೆಯ ಕಡೆಗೇ ಹಿಡಿದು ಅವಳು ಎದ್ದು ಒಂದು ಗಳಿಗೆ ನಿಂತಳು. ಆಮೇಲೆ ಬೆನ್ನು ತಿರುಗಿಸಿ, ಕಿಟಕಿ ಬೇಡವೆಂದಿದ್ದ ಗೋಡೆಗೆ ಅದನ್ನು ಒತ್ತಿದಳು. ಮೈಭಾರವನ್ನೆಲ್ಲ ಹಾಕಿದಳು. ಥರ್ಮಾಕೋಲಿನ ಬಿಳಿ ಕಾಳುಗಳು ಚಿಮ್ಮಿ ಕೂದಲಿಗೆ, ರಕ್ತದ ತುಟಿಗೆ ಅಂಟಿಕೊಂಡವು. ಹೊರಗಿನ ಹಲಗೆ ಚಟ್ಟೆಂದಿತು. ದುಂಡನೆಯ ಬೆಳಕು ಒಳಗೆ ಬಿತ್ತು. ತೂತಿಗೆ ಬಾಯಿಟ್ಟು ಕೂಗಿದಳು, "ಟೈಲರಮ್ಮಾ!"

ಟಕ್, ಟಕ್, ಟಕ್. ಆಚೆ ಮನೆಯ ಕಿಟಕಿಯ ಸರಳಿಗೆ ಕತ್ತರಿ ಬಡಿದ ಸದ್ದು. ಆಮೇಲೆ ಚಪ್ಪಲಿಯ ಪಟಪಟ.

ಅಷ್ಟರಲ್ಲಿ ಮೇಸ್ತ್ರಿ ಬಾಗಿಲು ತಳ್ಳಿಕೊಂಡು ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ಆ ತೂತು ಮುಚ್ಚಯ್ಯಾ," ಎಂದ ಗಂಡ ಮೂಲೆಯಿಂದ. "ಮೊದ್ಲು ಅದನ್ನ ಮುಚ್ಚು."

"ಮುಚ್ಬೇಡಿ. ಅಲ್ಲಿ ಕಿಟಕಿ ಬರುತ್ತೆ," ಎಂದಳು ಅವಳು. ಡ್ರಿಲ್ ಕೆಳಗಿಟ್ಟಿರಲಿಲ್ಲ. "ಅಳತೆ ತಗೊಳ್ಳಿ."

ಮೇಸ್ತ್ರಿ ಜೇಬು ತಡವಿಕೊಂಡ. ಅದಕ್ಕೂ ಮೊದಲೇ, ಬಟ್ಟೆ ಅಳೆಯುವ ಹಳದಿ ಟೇಪೊಂದು ತೂತಿನಿಂದ ಒಳಗೆ ಇಳಿಯತೊಡಗಿತು.

"ತುದಿ ಹಿಡ್ಕೋ ತಂಗಿ," ಎಂದಿತು ಆಚೆಯ ದನಿ, ಏದುಸಿರು ಬಿಡುತ್ತಾ. "ಬಿಡ್ಬೇಡ, ನಾನು ಈ ಕಡೆ ಹಿಡ್ಕೊಂಡಿದೀನಿ."

ಅವಳು ಹಿಡಿದಳು. ಟೇಪು ಬಿಗಿಯಾಯಿತು. ಅದರ ಮೇಲೆ ಕೂತ ಒಂದು ಬಿಳಿ ಕಾಳು ಗಾಳಿಗೆ ನಡುಗುತ್ತಿತ್ತು.