ಹತಾಶೆಯ ವಯಸ್ಸಿನ ಡಬ್ಬಿ

ಮುಟ್ಟು ನಿಂತದ್ದನ್ನು ಮುಚ್ಚಿಡಲು ರಂಜಾನಿನ ಉಪವಾಸವನ್ನೇ ಮುರಿದವಳು ನಾನು. ಅದಕ್ಕಿಂತ ದೊಡ್ಡ ಪಾಪ ಇನ್ನೊಂದಿದೆ. ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಇರ್ಬಿದ್ ಪಟ್ಟಣದ ನಮ್ಮ ಮನೆಯಲ್ಲಿ ಅತ್ತೆ, ನಾನು, ನನ್ನ ವಾರಗಿತ್ತಿ ಖೌಲಾ, ಮೂವರಿಗೂ ಒಂದೇ ಅಡುಗೆಮನೆ. ನನಗೆ ಐವತ್ತೊಂದು, ಅವಳಿಗೆ ಮೂವತ್ತೊಂಬತ್ತು. ಅವಳಿಗಿದ್ದವಳು ಒಬ್ಬಳೇ ಮಗಳು. ಗಂಡುಮಗು ಯಾವಾಗ ಎಂದು ಅತ್ತೆ ದಿನಾ ಕೇಳದಿದ್ದರೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ.

ನನ್ನದು ನಿಂತು ವರ್ಷ ದಾಟಿತ್ತು. ಕೂತಲ್ಲೇ ಮೈಯೆಲ್ಲ ಧಗಧಗ, ಮರುಗಳಿಗೆ ಬೆವರು. ಆದರೆ ಯಾರ ಹತ್ತಿರ ಹೇಳುವುದು? ಮದುವೆಮನೆಗಳಲ್ಲಿ ಮುಟ್ಟು ನಿಂತವರನ್ನು ಬತ್ತಿದ ಬಾವಿ ಎಂದು ಆಡಿಕೊಂಡು ಎಲ್ಲರನ್ನೂ ನಗಿಸುತ್ತಿದ್ದವಳು ನಾನೇ. ಹಾಗಾಗಿ ಯಾರೂ ಗುರುತಿಸದ ಬೀದಿಯ ಔಷಧಿ ಅಂಗಡಿಗೆ ಹೋಗಿ, ಸೋಯಾ ಸಾರವೂ ಏನೇನೋ ಸೊಪ್ಪೂ ಸೇರಿದ ಮಾತ್ರೆಯ ಡಬ್ಬಿ ತಂದೆ. ಗುಣ ಬಂತೋ ಇಲ್ಲವೋ, ನುಂಗಿದ ಸಮಾಧಾನವಂತೂ ಇತ್ತು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಹತಾಶೆಯ ವಯಸ್ಸಿನವರಿಗೆ' ಎಂದಿತ್ತು. ಮುಟ್ಟು ನಿಲ್ಲುವ ಪ್ರಾಯಕ್ಕೆ ನಮ್ಮ ಅರಬ್ಬಿ ಮಾತಿನಲ್ಲಿ ಅದೇ ಹೆಸರು. ಯಾವ ಗಂಡಸು ಇಟ್ಟನೋ.

ಒಂದು ದಿನ ಡಬ್ಬಿಯನ್ನು ಬಚ್ಚಲಲ್ಲಿ ಮರೆತೆ. ಅತ್ತೆ ಅದನ್ನು ತಂದು ನಮ್ಮಿಬ್ಬರ ಮುಂದೆ ಹಿಡಿದು, ಯಾರದ್ದು ಎಂದರು. ನನಗಿನ್ನೂ ಅದರ ಅಗತ್ಯ ಬಿದ್ದಿಲ್ಲ ಎಂದು ನಕ್ಕೆ. ನಕ್ಕೇಬಿಟ್ಟೆ. ಖೌಲಾ ನನ್ನ ಮುಖ ನೋಡಿ, ತನ್ನದಲ್ಲ ಎಂದಷ್ಟೇ ಹೇಳಿದಳು. ಅತ್ತೆ ನಂಬಲಿಲ್ಲ. ವಾರ ಕಳೆಯುವುದರೊಳಗೆ ಕಿರಿಯ ಮಗ, ಖೌಲಾಳ ಗಂಡ ಮಾಜಿನ್‌ಗೆ ಎರಡನೇ ಹೆಣ್ಣು ಹುಡುಕುವ ಮಾತು ಶುರುವಾಯಿತು. ಒಂದು ಹುಡುಗಿಯನ್ನು ನೋಡಿಯೂ ಬಂದರು. ನಾನು ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ರಂಜಾನ್ ಬಂತು. ಮುಟ್ಟಾದವಳಿಗೆ ಉಪವಾಸವಿಲ್ಲ, ನಮಾಜೂ ಇಲ್ಲ. ಮೂವತ್ತೂ ದಿನ ಬಿಡದೆ ಉಪವಾಸ ಹಿಡಿದರೆ ಮನೆಯ ಹೆಂಗಸರಿಗೆಲ್ಲ ಗುಟ್ಟು ತಿಳಿಯುತ್ತದೆ. ಹಾಗಾಗಿ ಏಳನೇ ದಿನ, ನನಗೂ ರಜೆ ಎಂದು ಸುಳ್ಳು ಹೇಳಿ ಅಡುಗೆಮನೆಯಲ್ಲಿ ರೊಟ್ಟಿ, ಆಲಿವ್ ಎಣ್ಣೆ ಇಟ್ಟುಕೊಂಡು ಕೂತೆ. ಎದುರಿಗೆ ಖೌಲಾ ಕೂತಿದ್ದಳು. ಅವಳಿಗೆ ನಿಜವಾಗಿಯೂ ಮುಟ್ಟಾಗಿತ್ತು. ನೋವಿಗೆ ಹೊಟ್ಟೆ ಒತ್ತಿಕೊಂಡೇ ತಿನ್ನುತ್ತಿದ್ದಳು.

ಅತ್ತೆ ಬಾಗಿಲಲ್ಲಿ ನಿಂತರು. ನನ್ನ ಕಡೆ ನೋಡಲೂ ಇಲ್ಲ.

"ಯಾರ ಮುಂದೆ ನಾಟಕ ಆಡ್ತೀಯ ಖೌಲಾ? ನನ್ನ ಮಗ ಇನ್ನೊಂದು ಮದುವೆ ಆಗ್ಬಾರ್ದು ಅಂತ ದೇವರ ಉಪವಾಸಾನೂ ಬಿಟ್ಯಾ? ನಿಜ ಆದ್ರೆ ನಡಿ ಬಚ್ಚಲಿಗೆ. ತೋರಿಸು."

ಖೌಲಾ ಜಗಳವಾಡುತ್ತಾಳೆ ಎಂದುಕೊಂಡೆ. ಅವಳು ತುತ್ತು ಕೆಳಗಿಟ್ಟು, ಕೈ ಒರೆಸಿಕೊಂಡು, ತಲೆ ತಗ್ಗಿಸಿ ಎದ್ದಳು. ಅವಳು ನಿಜಕ್ಕೂ ತೋರಿಸಲು ಹೊರಟಿದ್ದಳು. ನಾನು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದೆ.

"ಡಬ್ಬಿ ನಂದು ಅತ್ತೆ," ಎಂದೆ. "ಅವಳದ್ದು ನಿಜ. ನಾಟಕ ನಂದು. ನಂಗೆ ನಿಂತು ವರ್ಷದ ಮೇಲಾಯ್ತು."

ಅತ್ತೆ ನನ್ನ ಮುಂದಿದ್ದ ರೊಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ದೇವರಿಗೆ ಏನು ಹೇಳಿಕೊಳ್ಳುತ್ತೀಯೋ ನೀನೇ ಹೇಳಿಕೋ ಎಂದು ಹೊರಟುಹೋದರು. ಖೌಲಾಳ ಹತ್ತಿರ ಒಂದು ಮಾತೂ ಆಡಲಿಲ್ಲ.

ನಾನು ಖೌಲಾಳ ಕೈ ಹಿಡಿದು ತಪ್ಪಾಯಿತು ಎಂದು ಕಣ್ಣೀರಿಟ್ಟೆ.

"ಅವತ್ತೇ ಗೊತ್ತಿತ್ತು ಅಕ್ಕ," ಎಂದಳು. "ನೀವು ಮಾತ್ರೆ ನುಂಗೋದನ್ನ ನೋಡಿದ್ದೆ."

ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ನಾನು ಹೇಳಿದ್ರೆ ನಿಮ್ಮ ಮರ್ಯಾದೆ ಹೋಗ್ತಿತ್ತು. ನೀವೇ ಹೇಳ್ತೀರ ಅಂತ ಕಾದೆ."

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ನನ್ನ ಮುಂದಿದ್ದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಏಳಿ ಅಕ್ಕ," ಎಂದಳು. "ನೀವು ಉಪವಾಸ ಇರಬೇಕಾದೋರು."