ಗಯಾಬಾಯಿ ತಿಂದ ಗೋಡೆ

ಗೋಡೆಗೆ ಕಿವಿ ಇರುವುದು ಎಲ್ಲರಿಗೂ ಗೊತ್ತು. ಅದಕ್ಕೆ ರುಚಿಯೂ ಇದೆ ಎಂಬುದು ನಮ್ಮೂರು ಮುಡಬಿಯ ಬಸುರಿಯರಿಗೆ ಮಾತ್ರ ಗೊತ್ತಿತ್ತು. ಅದರಲ್ಲೂ ಅಂಬುಬಾಯಿಯ ಪಡಸಾಲೆಯ ಮಣ್ಣಿನ ಗೋಡೆ ಮಳೆಗೆ ನೆನೆದು ಘಮ್ಮೆಂದರೆ, ನನ್ನಂಥ ಗಂಡಸಿನ ಬಾಯಲ್ಲೂ ನೀರು ಬರುತ್ತಿತ್ತು.

೧೯೬೧ರ ಮಳೆಗಾಲದಲ್ಲಿ ಅಂಬುಬಾಯಿಯ ಸೊಸೆ ಗಯಾಬಾಯಿಗೆ ಐದು ತಿಂಗಳು. ಮಾವಿನಕಾಯಿ ಬೇಡ, ಹುಣಸೆ ಬೇಡ, ಅವಳಿಗೆ ಗೋಡೆಯೇ ಬೇಕು. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದು ಅಂಬುಬಾಯಿಯ ಶಾಸ್ತ್ರ. ಆದ್ದರಿಂದ ಖುರಪಿ ಹಿಡಿದು ದಿನಕ್ಕೊಂದು ಹೆಂಟೆ ಕೆತ್ತಿ ತಾನೇ ಸೊಸೆಯ ಕೈಗಿಡುತ್ತಿದ್ದಳು. ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು.

ಅದೇ ವಾರ ಹುಮನಾಬಾದಿನಿಂದ ಸೊಳ್ಳೆ ಇನ್ಸ್‌ಪೆಕ್ಟರ್ ಮಹಾರುದ್ರಪ್ಪ ಬಂದು ಊರಿನ ಗೋಡೆಗಳಿಗೆಲ್ಲ ಸೊಳ್ಳೆ ಸಾಯಿಸುವ ಡಿಡಿಟಿ ಪುಡಿ ಕಲಸಿ ಹೊಡೆಸಿದ. ಬಾಗಿಲ ಪಕ್ಕದಲ್ಲಿ ಕೆಮ್ಮಣ್ಣಿನಿಂದ ತಾರೀಖು ಬರೆಸಿದ. ಆರು ತಿಂಗಳು ಗೋಡೆ ಸಾರಿಸಬಾರದು, ಸುಣ್ಣ ಬಳಿಯಬಾರದು ಎಂದು ಕಟ್ಟಪ್ಪಣೆ ಮಾಡಿದ. ತಿನ್ನಬಾರದು ಎಂದು ಮಾತ್ರ ಹೇಳಲಿಲ್ಲ. ಹೀಗಾಗಿ ಅತ್ತೆ ಕೆತ್ತಿದಳು, ಸೊಸೆ ತಿಂದಳು. ಗೋಡೆಯಲ್ಲಿ ಕಿಟಕಿಯಷ್ಟು ತಗ್ಗು ಬೀಳುವ ಹೊತ್ತಿಗೆ ಗಂಡುಕೂಸು ಹುಟ್ಟಿತು.

ಕೂಸಿನ ಕಿವಿ ಸೋರಲಿಲ್ಲ. ಆದರೆ ತೊಟ್ಟಿಲ ಮೇಲೆ ಹಾರಿದ ನೊಣ ಹಾರಿದಲ್ಲೇ ಸತ್ತು ಬೀಳತೊಡಗಿತು. ತಿಗಣೆ ಕಾಟವಿದ್ದವರು ಸುದ್ದಿ ಕೇಳಿ ಬಂದು ಕೂಸನ್ನು ಒಯ್ದು, ತಮ್ಮ ಹೊರಸಿನ ಮೇಲೆ ಅರ್ಧ ತಾಸು ಮಲಗಿಸಿ, ತಿಗಣೆ ಉದುರಿದ ಮೇಲೆ ಬೆಲ್ಲದ ಉಂಡೆಯೊಂದಿಗೆ ತಿರುಗಿ ಕೊಡುತ್ತಿದ್ದರು. ಅಂಬುಬಾಯಿ ಊರಿಗೆ ದೊಡ್ಡವಳಾದಳು. ಗಯಾಬಾಯಿ ಮಾತ್ರ ಸತ್ತ ನೊಣಗಳನ್ನು ನೋಡುತ್ತ ಕೂಡುತ್ತಿದ್ದಳು. ನೊಣವನ್ನು ಕೊಂದದ್ದು ಕೂಸಿನೊಳಗೇ ಇದ್ದರೆ, ಅದು ಕೂಸನ್ನು ಏನು ಮಾಡೀತು? ಅವಳಿಗೆ ವಿಪರೀತ ಭಯವಾಗಿತ್ತು, ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಕಿಕೊಂಡವಳು ಸೂಲಗಿತ್ತಿ ಸರ್ದಾರಬಿ ಒಬ್ಬಳೇ. ಹೆರಿಗೆಯಾದ ದಿನ ಅವಳು ಪದ್ಧತಿಯಂತೆ ಕೂಸಿನ ಹಿಂದೆ ಬಿದ್ದ ಮಾಸನ್ನು ಗಡಿಗೆಯಲ್ಲಿಟ್ಟು ಹಿತ್ತಲಲ್ಲಿ ಹುಗಿದಿದ್ದಳು. ನಾಯಿ ಕೆದರಿ ಗಡಿಗೆ ಒಡೆದು, ಮೂಸಿ ನೋಡಿ, ಹಾಗೇ ಬಿಟ್ಟುಹೋಗಿತ್ತು. ಸುತ್ತಲೂ ಇರುವೆಗಳು ಬಳೆಯಂತೆ ದುಂಡಗೆ ಸತ್ತು ಬಿದ್ದಿದ್ದವು.

ಆರು ತಿಂಗಳಿಗೆ ಮಹಾರುದ್ರಪ್ಪ ಮತ್ತೆ ಬಂದ. ಔಷಧ ಹೊಡೆದ ಗೋಡೆಯಲ್ಲಿ ತಗ್ಗು ಕಂಡು ಕೆಂಡವಾದ. ಗಯಾಬಾಯಿ ಕೂಸನ್ನು ಅವನ ಮುಂದೆ ಮಲಗಿಸಿ, ಗೋಡೆ ತಿಂದವಳು ತಾನೇ ಎಂದು ಒಪ್ಪಿಕೊಂಡು, ಪುಡಿ ಕೂಸಿಗೂ ಹೋಗಿದೆಯೇ ಎಂದು ಕೇಳಿದಳು. ಅವನು ನಕ್ಕ. ಮಾಸು ಎಂದರೆ ಕಲ್ಯಾಣದ ಕೋಟೆ, ತಾಯಿಯ ಕಡೆಯಿಂದ ಕೆಟ್ಟದ್ದು ಯಾವುದೂ ಅದನ್ನು ದಾಟುವುದಿಲ್ಲ ಎಂದು ವಿವರಿಸಿದ.

“ಅನ್ನ ದಾಟ್ತದ, ನೀರು ದಾಟ್ತದ,” ಎಂದಳು ಪಕ್ಕದಲ್ಲೇ ನಿಂತಿದ್ದ ಸರ್ದಾರಬಿ. “ನಿಮ್ಮ ಪುಡಿಗಷ್ಟೇ ಅಲ್ಲಿ ಚೌಕಿ ಇಟ್ಟಾರೇನ್ರಿ?”

ಅಷ್ಟರಲ್ಲಿ ಒಂದು ನೊಣ ಅವನ ರಿಜಿಸ್ಟರಿನ ಮೇಲೆಯೇ ಬಿದ್ದು ಸತ್ತಿತು. ಮಹಾರುದ್ರಪ್ಪ ಕಾಯಿದೆಯ ಮನುಷ್ಯ. ಪುಡಿ ಇದ್ದಲ್ಲೆಲ್ಲ ತಾರೀಖು ಇರಲೇಬೇಕು. ಕೆಮ್ಮಣ್ಣಿನ ಕುಂಚ ತರಿಸಿ ಕೂಸಿನ ಹೊಟ್ಟೆಯ ಮೇಲೆ ಬರೆಯಲು ಬಾಗಿದ. ಗಯಾಬಾಯಿ ಕುಂಚ ಹಿಡಿದ ಕೈಯನ್ನು ತಡೆದಳು.

“ಮೊದಲ ಇದೊಂದು ಹೇಳ್ರಿ. ಈ ಔಷಧ ಎಷ್ಟು ದಿನ ಇರ್ತದ?”

ಮಣ್ಣಿನ ಗೋಡೆಯಲ್ಲಾದರೆ ಆರು ತಿಂಗಳು, ಎಂದ. ಕೂಸಿನೊಳಗೆ ಎಂದು ಕೇಳಿದಳು. ಅವನು ರಿಜಿಸ್ಟರ್ ತಿರುವಿದ. ಪಡಸಾಲೆಗೆ, ಅಡುಗೆಮನೆಗೆ, ಕೊಟ್ಟಿಗೆಗೆ ಕಾಲಮ್ಮು ಇತ್ತು, ಕೂಸಿಗೆ ಇರಲಿಲ್ಲ. ಕಡೆಗೆ, ಒಳಗೆ ಹೋಗಲಾಗದ ಮನೆಗಳಿಗೆ ಯಾವಾಗಲೂ ಬರೆಯುವುದನ್ನೇ ಬರೆದ. ಏನು ಬರೆದಿರಿ ಎಂದು ಅವಳು ಕೇಳಿದಾಗ ಓದಿ ಹೇಳಿದ: ‘ಮನೆಗೆ ಬೀಗ ಹಾಕಿತ್ತು, ಒಳಗೆ ಏನೂ ಹೋಗಿಲ್ಲ.’

ಗಯಾಬಾಯಿ ಕೂಸನ್ನೆತ್ತಿ ಎದೆಗೆ ಅವುಚಿಕೊಂಡಳು.

“ಹೊಟ್ಟಿಗೆ ಬೀಗ ಇರ್ಲಿಲ್ರಿ ಸಾಹೇಬ್ರ,” ಎಂದಳು. “ಇದ್ದಿದ್ರ ನಾನೇ ಹಾಕ್ತಿದ್ದಿಲ್ಲೇನ್ರಿ?”