ಅಧಿಕ ಮಾಸದ ಹಂಗಾಮಿ ಅಳಿಯ

ಕೋರ್ಟು ಹೇರಂಬ ಫಾಟಕನನ್ನು ಗಂಡನ ಹುದ್ದೆಯಿಂದ ಬಿಡುಗಡೆ ಮಾಡಿ ನಾಲ್ಕು ತಿಂಗಳಾಗಿತ್ತು. ಹೆಂಡತಿ ಮೃಣಾಲ್ ಇಲ್ಲದ್ದು ಅವನಿಗೆ ಒಗ್ಗಿಹೋಗಿತ್ತು, ಅತ್ತೆ ಕುಸುಮತಾಯಿ ಇಲ್ಲದ್ದು ಮಾತ್ರ ಒಗ್ಗಿರಲಿಲ್ಲ. ತಾಯಿಯ ಮುಖ ನೆನಪಿಲ್ಲದವನಿಗೆ ಗದರಿಸಿ ಬಡಿಸುವವರು ಸಿಕ್ಕಿದ್ದು ಸಾತಾರಾದ ಆ ಒಂದು ಮನೆಯಲ್ಲೇ. ಇದನ್ನೆಲ್ಲ ಯಾವ ವಕೀಲನ ಮುಂದೆ ಹೇಳಿಕೊಳ್ಳುವುದು?

ಅಷ್ಟರಲ್ಲಿ ಅಧಿಕ ಮಾಸ ವಕ್ಕರಿಸಿತು. ಮೂರು ವರ್ಷಕ್ಕೊಮ್ಮೆ ಬರುವ ಈ ತಿಂಗಳಲ್ಲಿ ಅಳಿಯನಿಗೆ ಅಕ್ಕಿ-ಬೆಲ್ಲ ಕಲಸಿ ತುಪ್ಪದಲ್ಲಿ ಕರಿದ ಮೂವತ್ತಮೂರು ಅನಾರಸೆ ಕೊಡದಿದ್ದರೆ ಅತ್ತೆಗೆ ಪುಣ್ಯವಿಲ್ಲ. ಕುಸುಮತಾಯಿ ಫೋನು ಮಾಡಿದರು.

"ಜಾವಯಿಬಾಪು, ಭಾನುವಾರ ಊಟಕ್ಕೆ ಬನ್ನಿ. ಅಕ್ಕಿ ನೆನೆಹಾಕಿದ್ದೀನಿ."

"ಆಯಿ, ನಾನೀಗ ನಿಮ್ಮ ಅಳಿಯ ಅಲ್ಲ."

"ನನಗೇನು ಮರೆವೇ? ಮೃಣಾಲ್‌ಗೆ ಬೇರೆ ಗಂಡು ಗೊತ್ತಾಗಿದೆ. ಆದ್ರೆ ಅಧಿಕದಲ್ಲಿ ತಾಳಿ ಕಟ್ಟೋ ಹಾಗಿಲ್ಲ. ಅವರು ಇನ್ನೂ ಅಳಿಯ ಆಗಿಲ್ಲ, ನೀವು ಆಗಿ ಮುಗಿದಿದೆ. ಇಬ್ಬರಲ್ಲಿ ಅನುಭವ ಇರೋರು ನೀವೇ."

ಭಾನುವಾರ ಹೇರಂಬ ಮಣೆಯ ಮೇಲೆ ಕೂತ. ದಂಪತಿಗಳನ್ನೇ ಕೂರಿಸಬೇಕೆಂದು ಶಾಸ್ತ್ರವಿದ್ದುದರಿಂದ ಮೃಣಾಲ್ ಗೇಣಗಲ ಜಾಗ ಬಿಟ್ಟು ಪಕ್ಕದಲ್ಲಿ ಕೂತಳು.

"ಹೊಟ್ಟೆ ಬಂದಿದೆ ನಿನಗೆ," ಎಂದಳು.

"ಇನ್ನು ಯಾರಿಗೆ ತೋರಿಸ್ಬೇಕು?"

ಮದುವೆ ಗಂಡು ಶಿರೀಷ್ ಎದುರಿನ ಸೋಫಾದಲ್ಲಿ ಸಭ್ಯವಾಗಿ ನೋಡುತ್ತಿದ್ದ. ಕುಸುಮತಾಯಿ ಆರತಿ ಎತ್ತಿ, ತುಪ್ಪದ ವಾಸನೆ ಬರುವ ತಟ್ಟೆಯನ್ನು ಹೇರಂಬನ ಕೈಗಿತ್ತರು. ಶಿರೀಷ್ ಮೆಲ್ಲಗೆ ಒಂದು ಅನಾರಸೆಗೆ ಕೈಚಾಚಿದ.

"ಮುಟ್ಟಬೇಡಿ," ಎಂದರು ಕುಸುಮತಾಯಿ. "ಒಂದು ಕಮ್ಮಿಯಾದರೂ ದಾನ ಕೆಟ್ಟಹಾಗೆ. ನಿಮಗೆ ಉಪ್ಪಿಟ್ಟಿದೆ."

ಬಡಪಾಯಿ ಉಪ್ಪಿಟ್ಟು ತಿಂದ. ಹೇರಂಬನಿಗೆ ಅವನ ಮೇಲೆ ಕನಿಕರವೂ ಹುಟ್ಟಿತು, ಹೊಟ್ಟೆಕಿಚ್ಚೂ ಹುಟ್ಟಿತು. ಇನ್ನು ಮುಂದೆ ಈ ಮನೆಯ ಬೈಗುಳವೆಲ್ಲ ಅವನ ಪಾಲಿಗೇ ತಾನೆ?

ಊಟವಾಯಿತು. ಬಾಗಿಲ ಬಳಿ ಚಪ್ಪಲಿ ಹುಡುಕುವ ನೆಪದಲ್ಲಿ ಹೇರಂಬ ತುಸು ಹೊತ್ತು ಬಗ್ಗಿಯೇ ಇದ್ದ. ಕಣ್ಣು ತುಂಬಿತ್ತು.

"ಬರ್ತೀನಿ ಆಯಿ. ಮುಂದಿನ ಅಧಿಕಕ್ಕೆ ಶಿರೀಷ್ ಇರ್ತಾರೆ. ನಿಮಗೆ ತೊಂದರೆ ಇಲ್ಲ."

"ತೊಂದರೆ ಇಲ್ಲದೆ ಏನು?" ಕುಸುಮತಾಯಿ ಊದಿಕೊಂಡ ಬೆರಳ ಗಿಣ್ಣುಗಳನ್ನು ನೀವಿಕೊಂಡರು. "ಅರವತ್ತಾರು ಅನಾರಸೆ ಕರೀಬೇಕು. ನೀವು ಎರಡು ದಿನ ಮೊದಲೇ ಬಂದು ಬೆಲ್ಲ ಕುಟ್ಟಿಕೊಡಿ."